‘ಬೇಡ’ ಎಂದ ಮರುದಿನದ ಕೆಲಸ

2016ರ ಅಕ್ಟೋಬರ್ 16ರ ಭಾನುವಾರ ಬೆಳಿಗ್ಗೆ ಬೆಂಗಳೂರಿನ ಚಾಲುಕ್ಯ ವೃತ್ತದಿಂದ ಮೇಖ್ರಿ ವೃತ್ತದ ಕಡೆಗೆ ಹೋಗುವ ರಸ್ತೆಯುದ್ದಕ್ಕೂ ಸಾವಿರಾರು ಜನ ಕೈಕೈ ಹಿಡಿದು ನಿಂತಿದ್ದರು. ಕಾಲೇಜು ಹುಡುಗರು, ಪಿಂಚಣಿದಾರರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು ಎಲ್ಲರೂ ಆ ಸಾಲಿನಲ್ಲಿದ್ದರು. ಹಲವರಿಗೆ ಅದು ಬದುಕಿನ ಮೊದಲ ಪ್ರತಿಭಟನೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆ ಕಟ್ಟಲು ಸರ್ಕಾರ ಹೊರಟಿತ್ತು. ಅಂದಾಜು ವೆಚ್ಚ 1,800 ಕೋಟಿ ರೂಪಾಯಿಯ ಹತ್ತಿರ. ಕಡಿಯಬೇಕಿದ್ದ ಮರಗಳು 812. ಸಾಲಿನಲ್ಲಿ ನಿಂತವರ ಕೈಯ ಫಲಕಗಳಲ್ಲಿದ್ದ ಮಾತು ಒಂದೇ: ಸ್ಟೀಲ್ ಫ್ಲೈಓವರ್ ಬೇಡ.

ಐದು ತಿಂಗಳು ತುಂಬುವ ಮೊದಲೇ, 2017ರ ಮಾರ್ಚ್ 2ರಂದು, ಯೋಜನೆಯನ್ನು ಕೈಬಿಟ್ಟಿರುವುದಾಗಿ ಸರ್ಕಾರ ಪ್ರಕಟಿಸಿತು.

ಜನರ ನೆನಪಿನಲ್ಲಿ ಉಳಿದಿರುವುದು ಆ ಮಾನವ ಸರಪಳಿ. ಅದರ ಹಿಂದೆ ನಡೆದ ಕೆಲಸಕ್ಕೆ ಫೋಟೊಗಳಿಲ್ಲ. ಯೋಜನಾ ವರದಿಯನ್ನು ತರಿಸಿಕೊಂಡು ಪುಟ ಪುಟ ಓದಿದವರಿದ್ದರು. ಮರಗಳ ಲೆಕ್ಕ ಕೇಳಿದವರಿದ್ದರು. ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಿದವರಿದ್ದರು. ಆ ಅಕ್ಟೋಬರ್ ಮುಗಿಯುವುದರೊಳಗೆ ನ್ಯಾಯಮಂಡಳಿಯ ಚೆನ್ನೈ ಪೀಠ ಕಾಮಗಾರಿಗೆ ಮಧ್ಯಂತರ ತಡೆ ಕೊಟ್ಟಿತು. ಬೀದಿಯಲ್ಲಿ ಜನ ಸೇರದೆ ಹೋಗಿದ್ದರೆ ಕಡತಗಳ ಮಾತು ಪತ್ರಿಕೆಯ ಒಳಪುಟ ದಾಟುತ್ತಿರಲಿಲ್ಲ. ಕಡತಗಳು ಇಲ್ಲದೆ ಹೋಗಿದ್ದರೆ ಬೀದಿಯ ಕೂಗಿಗೆ ಸೋಮವಾರದ ನಂತರ ಆಯಸ್ಸು ಇರುತ್ತಿರಲಿಲ್ಲ. ಕರ್ನಾಟಕದ ಊರುಗಳಲ್ಲಿ ಗೆದ್ದ ನಾಗರಿಕ ಹೋರಾಟಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ಈ ಎರಡೂ ಜೊತೆಜೊತೆಯಾಗಿಯೇ ಕಾಣುತ್ತವೆ.

ಮೇಲ್ಸೇತುವೆಗೆ ‘ಬೇಡ’ ಎಂದವರು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಕೆಲವೇ ವಾರಗಳಲ್ಲಿ ‘ಚುಕು ಬುಕು ಬೇಕು’ ಎಂಬ ಅಭಿಯಾನ ಶುರುವಾಯಿತು. ಕಾರಿನ ದಾರಿ ಬೇಡವೆಂದ ಮೇಲೆ ಜನ ಓಡಾಡುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರವನ್ನೂ ಕೊಡಬೇಕಲ್ಲ? ಬೆಂಗಳೂರಿಗೆ ಉಪನಗರ ರೈಲು ಬೇಕೆಂಬ ಬೇಡಿಕೆ ದಶಕಗಳಿಂದ ಕಡತದಲ್ಲೇ ಮಲಗಿತ್ತು. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ 148 ಕಿಲೋಮೀಟರ್ ಜಾಲಕ್ಕೆ, 15,767 ಕೋಟಿ ರೂಪಾಯಿ ವೆಚ್ಚದಲ್ಲಿ, ಒಪ್ಪಿಗೆ ನೀಡಿತು. 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಯಿತು. ಕೆಲಸ ಮಾತ್ರ ಕುಂಟುತ್ತಲೇ ಸಾಗಿದೆ. ‘ಬೇಡ’ ಎಂದದ್ದು ಐದು ತಿಂಗಳಲ್ಲಿ ದಕ್ಕಿದರೆ, ‘ಬೇಕು’ ಎಂದದ್ದಕ್ಕೆ ವರ್ಷಗಟ್ಟಲೆ ಬೆನ್ನು ಬೀಳಬೇಕು.

ಕಸದ ಬುಟ್ಟಿಯಿಂದ ಕೋರ್ಟಿನವರೆಗೆ

ಇಂಥ ಬೆನ್ನುಬೀಳುವಿಕೆಗೆ ಬೆಂಗಳೂರಿನ ಕಸದ ಕಥೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಯಲಹಂಕದ ಹತ್ತಿರದ ಮಾವಳ್ಳಿಪುರಕ್ಕೆ ನಗರದ ಕಸ ವರ್ಷಗಳ ಕಾಲ ಲಾರಿ ಲಾರಿಯಾಗಿ ಹೋಗುತ್ತಿತ್ತು. ಅಲ್ಲಿನ ಬಾವಿ, ಕೆರೆಗಳ ನೀರು ಕೆಟ್ಟಿತು. ವಾಸನೆ, ನೊಣ, ಕಾಯಿಲೆಗಳ ನಡುವೆ ಬದುಕಬೇಕಾದ ಹಳ್ಳಿಯ ಜನ ಲಾರಿಗಳಿಗೆ ಅಡ್ಡ ನಿಂತರು. 2012ರಲ್ಲಿ ಆ ಭರ್ತಿ ಜಾಗ ಮುಚ್ಚಿತು. ನಗರದ ಬೀದಿ ಮೂಲೆಗಳಲ್ಲಿ ಕಸದ ಗುಡ್ಡೆಗಳು ಬೆಳೆದವು, ವಿದೇಶಿ ಪತ್ರಿಕೆಗಳೂ ಅದನ್ನು ಬರೆದವು. ಕಸ ಮಂಡೂರಿನತ್ತ ತಿರುಗಿತು. ಅಲ್ಲಿಯ ಜನರೂ ತಿರುಗಿಬಿದ್ದರು. 2014ರ ಕೊನೆಗೆ ಅಲ್ಲಿಗೂ ಲಾರಿ ಹೋಗುವುದು ನಿಂತಿತು.

ನಗರದೊಳಗೆ ಅದೇ ಹೊತ್ತಿಗೆ ಬೇರೊಂದು ಗುಂಪು ಕೆಲಸಕ್ಕೆ ಇಳಿದಿತ್ತು. ಅಪಾರ್ಟ್‌ಮೆಂಟುಗಳಲ್ಲಿ, ಬಡಾವಣೆಗಳಲ್ಲಿ ಕೆಲವರು, ಹೆಚ್ಚಾಗಿ ಹೆಣ್ಣುಮಕ್ಕಳು, ಮನೆಮನೆಯ ಕಸವನ್ನು ಮೂಲದಲ್ಲೇ ಬೇರ್ಪಡಿಸುವ ಪ್ರಯೋಗ ಮಾಡುತ್ತಿದ್ದರು. ಹಸಿ ಕಸಕ್ಕೆ ಹಸಿರು ಬುಟ್ಟಿ, ಬಚ್ಚಲುಮನೆಯ ತ್ಯಾಜ್ಯಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಒಂದು ಚೀಲ: ‘ಎರಡು ಬುಟ್ಟಿ, ಒಂದು ಚೀಲ’ ಎಂಬ ಪದ್ಧತಿ ರೂಪುಗೊಂಡದ್ದು ಹೀಗೆ. ಪಕ್ಕದ ಮನೆಯವರನ್ನು ಒಪ್ಪಿಸುವುದು, ಕೆಲಸದವರಿಗೆ ತೋರಿಸಿಕೊಡುವುದು, ‘ಕೊನೆಗೆ ಲಾರಿಯಲ್ಲಿ ಎಲ್ಲ ಒಂದೇ ಆಗುತ್ತಲ್ಲ’ ಎಂದು ಮೂಗು ಮುರಿಯುವವರಿಗೆ ಉತ್ತರ ಹೇಳುವುದು, ಇದೇ ನಿತ್ಯದ ಕಾರ್ಯಕ್ರಮವಾಗಿತ್ತು. ಕಸದ ಕುರಿತ ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳು ಹೈಕೋರ್ಟಿನಲ್ಲಿ ವಿಚಾರಣೆಗೆ ಬಂದಾಗ ಈ ಕಾರ್ಯಕರ್ತರ ಬಳಿ ಗೋಳಿನ ಜೊತೆಗೆ ನಡೆದು ತೋರಿಸಿದ ಮಾದರಿಯೂ ಇತ್ತು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆ ಪದ್ಧತಿಯನ್ನೇ ಇಡೀ ನಗರಕ್ಕೆ ಕಡ್ಡಾಯ ಮಾಡಿತು. ಮರುವರ್ಷ ಬಂದ ಕೇಂದ್ರದ ಘನತ್ಯಾಜ್ಯ ನಿರ್ವಹಣಾ ನಿಯಮಗಳೂ ಮೂಲದಲ್ಲೇ ಮೂರು ಬಗೆಯಾಗಿ ಬೇರ್ಪಡಿಸಬೇಕು ಎಂದವು.

ಈ ಕಥೆಯಲ್ಲಿ ಮೂರನೆಯ ಪಾಲುದಾರರೂ ಇದ್ದಾರೆ, ಮತ್ತು ಹೆಚ್ಚಿನವರು ಅವರನ್ನು ಮರೆಯುತ್ತಾರೆ. ಬೀದಿಯಲ್ಲಿ ಬಾಟಲಿ, ರಟ್ಟು, ಪ್ಲಾಸ್ಟಿಕ್ ಆಯ್ದು ಬದುಕುವ ಚಿಂದಿ ಆಯುವವರು. ಯಾರೂ ಕರೆಯದಿದ್ದರೂ ನಗರದ ಒಣ ಕಸವನ್ನು ಮರುಬಳಕೆಗೆ ಕಳಿಸುತ್ತಿದ್ದವರು ಅವರೇ. ‘ಹಸಿರು ದಳ’ ಎಂಬ ಸಂಘಟನೆ ಅವರನ್ನು ಒಗ್ಗೂಡಿಸಿತು. ಪಾಲಿಕೆ ಅವರಿಗೆ ಗುರುತಿನ ಚೀಟಿ ಕೊಟ್ಟಿತು; ಪೊಲೀಸರ ಕಣ್ಣಲ್ಲಿ ಕಳ್ಳರಾಗಿದ್ದವರು ಕೆಲಸಗಾರರಾದರು. ಇಂದು ವಾರ್ಡುಗಳ ಒಣ ತ್ಯಾಜ್ಯ ಸಂಗ್ರಹ ಕೇಂದ್ರಗಳಲ್ಲಿ ಕೆಲವನ್ನು ಅವರೇ ನಡೆಸುತ್ತಾರೆ.

ವಾರ್ಡ್ ಸಮಿತಿ ಎಂಬ ಬಾಗಿಲು

ಕಸದ ವಿಚಾರಣೆಯ ಹೊತ್ತಿನಲ್ಲೇ ಹೈಕೋರ್ಟ್ ಇನ್ನೊಂದು ಮಾತನ್ನೂ ಎತ್ತಿತ್ತು: ವಾರ್ಡ್ ಸಮಿತಿಗಳು ಎಲ್ಲಿ?

1992ರಲ್ಲಿ ಸಂಸತ್ತು ಅಂಗೀಕರಿಸಿದ, 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಇದಕ್ಕೆ ಮೂಲ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಲ್ಲಿ ವಾರ್ಡ್ ಸಮಿತಿ ಇರಬೇಕು ಎನ್ನುತ್ತದೆ ಅದರ 243ಎಸ್ ವಿಧಿ. ಕಾಗದದ ಮೇಲೆ ಇದ್ದ ಈ ವ್ಯವಸ್ಥೆಗೆ ಕರ್ನಾಟಕದಲ್ಲಿ ಸ್ಪಷ್ಟ ರೂಪ ಕೊಟ್ಟದ್ದು 2016ರ ನಿಯಮಗಳು. ಪಾಲಿಕೆ ಸದಸ್ಯರ ಅಧ್ಯಕ್ಷತೆ, ಹತ್ತು ಮಂದಿ ಸದಸ್ಯರು. ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಪರಿಶಿಷ್ಟ ಜಾತಿ ಅಥವಾ ಪಂಗಡದ ಇಬ್ಬರು, ನಿವಾಸಿಗಳ ಸಂಘಗಳಿಂದ ಇಬ್ಬರು. ತಿಂಗಳಿಗೊಂದು ಸಭೆ. ರಸ್ತೆ, ಚರಂಡಿ, ಬೀದಿದೀಪ, ಉದ್ಯಾನ, ಕಸ ಎಲ್ಲವೂ ಅಲ್ಲಿ ಚರ್ಚೆಗೆ ಬರಬೇಕು.

ಸಮಿತಿಗಳ ಪಟ್ಟಿ ಸಿದ್ಧವಾದರೂ ಸಭೆಗಳು ನಡೆಯುತ್ತಿರಲಿಲ್ಲ. ನಾಗರಿಕ ಗುಂಪುಗಳು ಮತ್ತೆ ಮತ್ತೆ ಒತ್ತಾಯಿಸಿದ ಮೇಲೆ 2018ರ ಕೊನೆಯಿಂದ ಬೆಂಗಳೂರಿನ ಆಗಿನ 198 ವಾರ್ಡುಗಳಲ್ಲಿ ಪ್ರತಿ ತಿಂಗಳ ಮೊದಲ ಶನಿವಾರ ಸಭೆ ಎಂಬ ಕ್ರಮ ಬಂತು. ದಿನ ಗೊತ್ತಾದದ್ದು ಸಣ್ಣ ಸಂಗತಿಯಂತೆ ಕಾಣಬಹುದು. ಆದರೆ ‘ಸಭೆ ಯಾವಾಗ ಸಾರ್?’ ಎಂದು ಕಚೇರಿಗೆ ಅಲೆಯುವುದು ಅದರಿಂದ ತಪ್ಪಿತು. ಮಂಗಳವಾರ ಕೆಲಸಕ್ಕೆ ರಜೆ ಹಾಕಲಾಗದವರೂ ಬಂದು ಕೂರುವಂತಾಯಿತು. ಕೆಲವು ವಾರ್ಡುಗಳಲ್ಲಿ ಸಭೆ ಚೆನ್ನಾಗಿ ನಡೆಯಿತು, ನಡಾವಳಿ ಪ್ರಕಟವಾಯಿತು. ಕೆಲವೆಡೆ ಎಂಜಿನಿಯರೇ ಬರಲಿಲ್ಲ. ಕೆಲವೆಡೆ ಸದಸ್ಯರೆಲ್ಲ ಕಾರ್ಪೊರೇಟರ್ ಕಡೆಯವರೇ ಆಗಿದ್ದರು.

2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. ಐದು ವರ್ಷ ಕಳೆದರೂ ಹೊಸ ಚುನಾವಣೆ ನಡೆಯಲಿಲ್ಲ. ವಾರ್ಡುಗಳಿಗೆ ನೋಡಲ್ ಅಧಿಕಾರಿಗಳು ಬಂದರು. 2025ರಲ್ಲಿ ಬೆಂಗಳೂರಿನ ಪಾಲಿಕೆಯಾಗಿದ್ದ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರಡಿ ಐದು ಪಾಲಿಕೆಗಳು ಬಂದವು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯಂಥ ದೊಡ್ಡ ಯೋಜನೆ ಎದುರಾದಾಗ ಲಾಲ್‌ಬಾಗಿನ ಸುತ್ತ ಜನ ಮತ್ತೆ ಫಲಕ ಹಿಡಿದು ನಿಂತರು. ತಾವು ಆರಿಸಿದ ಪಾಲಿಕೆ ಸದಸ್ಯರನ್ನು ನಿಲ್ಲಿಸಿ ಕೇಳುವ ಅವಕಾಶ ಅವರಿಗೆ ಇರಲಿಲ್ಲ.

ಇದು ರಾಜಧಾನಿಯ ಸಂಗತಿ ಮಾತ್ರ ಎಂದುಕೊಳ್ಳಬೇಕಿಲ್ಲ. 60 ವಾರ್ಡುಗಳ ಮಂಗಳೂರಿನಲ್ಲೂ ವಾರ್ಡ್ ಸಮಿತಿಗಳು ರಚನೆಯಾದದ್ದು ನಾಗರಿಕರು ನ್ಯಾಯಾಲಯದ ಮೆಟ್ಟಿಲು ಹತ್ತಿದ ನಂತರವೇ. ಮೈಸೂರು, ಹುಬ್ಬಳ್ಳಿ–ಧಾರವಾಡ, ಬೆಳಗಾವಿಯಂಥ ಮಹಾನಗರ ಪಾಲಿಕೆಗಳ ಜನರಿಗೂ ಇದೇ ಹಕ್ಕಿದೆ.

ಕೆರೆಯ ದಂಡೆಯ ಗೆಳೆತನ

ಸಭೆ, ಅರ್ಜಿಗಳಿಂದಲೇ ಜನ ಸೇರುವುದಿಲ್ಲ. ಒಂದು ಊರಿನ ಜನ ಒಬ್ಬರ ಮುಖ ಒಬ್ಬರು ನೋಡಲು ಒಂದು ಜಾಗ ಬೇಕು, ಒಂದು ನೆಪ ಬೇಕು. ಬೆಂಗಳೂರಿನ ಹಲವೆಡೆ ಆ ಜಾಗವಾದದ್ದು ಕೆರೆ.

ಸರ್ಜಾಪುರ ರಸ್ತೆಯ ಕೈಕೊಂಡರಹಳ್ಳಿ ಕೆರೆ ಸುಮಾರು 48 ಎಕರೆಯದು. 2000ದ ದಶಕದ ಕೊನೆಯ ಹೊತ್ತಿಗೆ ಅದು ಒಣಗಿ, ಕೊಳಚೆ ತುಂಬಿ, ಕಸ ಸುರಿಯುವ ಜಾಗವಾಗಿತ್ತು. ಸುತ್ತಲಿನ ಹೊಸ ಅಪಾರ್ಟ್‌ಮೆಂಟುಗಳ ನಿವಾಸಿಗಳು ಮತ್ತು ಹಳೆಯ ಹಳ್ಳಿಯ ಜನ ಪಾಲಿಕೆಯ ಅಧಿಕಾರಿಗಳ ಜೊತೆ ಕೂತು ಜೀರ್ಣೋದ್ಧಾರದ ನಕ್ಷೆಯನ್ನೇ ಚರ್ಚಿಸಿದರು. ನಡೆದಾಡುವ ದಾರಿ ಎಷ್ಟಿರಬೇಕು, ಹಕ್ಕಿಗಳಿಗೆ ನಡುಗಡ್ಡೆ ಎಲ್ಲಿರಬೇಕು, ದನಕ್ಕೆ ಹುಲ್ಲು ಕೊಯ್ಯುವವರಿಗೆ ಜಾಗವೆಲ್ಲಿ, ಇಂಥ ಪ್ರಶ್ನೆಗಳು ಅಲ್ಲಿ ಬಂದವು. ಕೆಲಸ ಮುಗಿದ ಮೇಲೆ ನಿವಾಸಿಗಳು ‘ಮಹದೇವಪುರ ಪರಿಸರ ಸಂರಕ್ಷಣೆ ಮತ್ತು ಅಭಿವೃದ್ಧಿ ಸಮಿತಿ’ ಎಂಬ ಟ್ರಸ್ಟ್ ಕಟ್ಟಿಕೊಂಡು ದಿನದಿನದ ನಿಗಾ ವಹಿಸಿಕೊಂಡರು. ದಂಡೆಯ ಮೇಲೆ ‘ಕೆರೆ ಹಬ್ಬ’ ಶುರುವಾಯಿತು. ಮಕ್ಕಳು ಹಕ್ಕಿ ನೋಡುತ್ತಾರೆ, ಚಿತ್ರ ಬಿಡಿಸುತ್ತಾರೆ, ದೊಡ್ಡವರು ಕೆರೆಯ ಕಥೆ ಕೇಳುತ್ತಾರೆ. ಹಬ್ಬಕ್ಕೆ ಬಂದವರಲ್ಲಿ ಕೆಲವರು ಮುಂದಿನ ವಾರ ಸ್ವಯಂಸೇವಕರಾಗಿ ಹಿಂದಿರುಗುತ್ತಾರೆ.

ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ಇನ್ನೂ ಚಿಕ್ಕದು, ಸುಮಾರು 13 ಎಕರೆ. ಅಕ್ಕಪಕ್ಕದ ನಿವಾಸಿಗಳು 2010ರಲ್ಲಿ ಟ್ರಸ್ಟ್ ಮಾಡಿಕೊಂಡರು. ಮರುವರ್ಷ ಪಾಲಿಕೆ ನಿರ್ವಹಣೆಯ ಹೊಣೆಯನ್ನು ಒಪ್ಪಂದದ ಮೂಲಕ ಅವರಿಗೆ ಒಪ್ಪಿಸಿತು. ಕಟ್ಟಡಗಳು ಎದ್ದು ಮಳೆನೀರು ಹರಿದುಬರುವ ದಾರಿಗಳು ಮುಚ್ಚಿಹೋಗಿದ್ದರಿಂದ ಕೆರೆ ತುಂಬುವುದೇ ಕಷ್ಟವಾಗಿತ್ತು. ಪಕ್ಕದ ವಸತಿ ಸಮುಚ್ಚಯದಲ್ಲಿ ಸಂಸ್ಕರಿಸಿದ ನೀರನ್ನು ಕೆರೆಗೆ ತರುವ ದಾರಿ ಹುಡುಕಿದ ಮೇಲೆ ಬೇಸಿಗೆಯಲ್ಲೂ ನೀರು ನಿಂತಿತು. ಕೊಳವೆ, ನೀರಿನ ಪರೀಕ್ಷೆ, ಕಳೆ ಕೀಳುವವರ ಕೂಲಿ, ದೇಣಿಗೆಯ ಲೆಕ್ಕಪತ್ರ: ಕೆರೆ ಉಳಿದದ್ದು ಇವುಗಳಿಂದ.

ಬೇರೆ ಬಗೆಯ ಸೇರುವಿಕೆಗಳೂ ಇವೆ. 2010ರಲ್ಲಿ ಬೆಂಗಳೂರಿನ ಚರ್ಚ್ ಸ್ಟ್ರೀಟಿನಿಂದ ಆರಂಭಿಸಿದ ‘ದಿ ಅಗ್ಲಿ ಇಂಡಿಯನ್’ ಗುಂಪಿನವರು ತಮ್ಮ ಹೆಸರು, ಮುಖ ಹೇಳಿಕೊಳ್ಳದೆ ಕೊಳಕು ಮೂಲೆಗಳನ್ನು ತೊಳೆದು, ಬಣ್ಣ ಬಳಿದು, ಮತ್ತೆ ಕಸ ಬೀಳದಂತೆ ಗಿಡದ ಕುಂಡ ಇಡುತ್ತ ಹೋದರು. ಮಂಗಳೂರಿನಲ್ಲಿ ರಾಮಕೃಷ್ಣ ಮಿಷನ್ ಭಾನುವಾರ ಬೆಳಗಿನ ಶ್ರಮದಾನವನ್ನು ವರ್ಷಗಳ ಕಾಲ ನಡೆಸಿತು. ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತಿಕದ ಕೊನೆಯ ಸೋಮವಾರ ತಾನಾಗಿಯೇ ಲಕ್ಷಾಂತರ ಜನರನ್ನು ಕರೆತರುತ್ತದೆ. ಈಚಿನ ವರ್ಷಗಳಲ್ಲಿ ಪ್ಲಾಸ್ಟಿಕ್ ಚೀಲ ಬಿಟ್ಟು ಬಟ್ಟೆ ಚೀಲ ತನ್ನಿ ಎಂಬ ಕರೆ ಅದರ ಭಾಗವಾಗಿದೆ. ಜನ ಈಗಾಗಲೇ ಸೇರುವ ಜಾತ್ರೆ, ಗಣೇಶೋತ್ಸವ, ರಾಜ್ಯೋತ್ಸವಗಳಲ್ಲಿ ಒಂದು ಮೇಜು ಹಾಕಿ ಕೂರುವುದು ಹೊಸ ಸಮಾರಂಭ ಹುಟ್ಟುಹಾಕುವುದಕ್ಕಿಂತ ಎಷ್ಟೋ ಸುಲಭ.

ಶುರು ಎಲ್ಲಿಂದ?

ಹೊಸಬರು ಸಾಮಾನ್ಯವಾಗಿ ಇಡೀ ನಗರವನ್ನು ಸರಿಮಾಡಲು ಹೊರಡುತ್ತಾರೆ, ಮೂರು ತಿಂಗಳಲ್ಲಿ ಸುಸ್ತಾಗುತ್ತಾರೆ. ಅನುಭವಿಗಳು ಒಂದು ಬೀದಿ, ಒಂದು ಸಮಸ್ಯೆ ಹಿಡಿಯುತ್ತಾರೆ. ಮೊದಲು ತಿಳಿಯಬೇಕಾದದ್ದು ಅದು ಯಾರ ಕೆಲಸ ಎಂಬುದನ್ನು. ಮನೆ ಮುಂದಿನ ಗುಂಡಿ ತೋಡಿದವರು ಜಲಮಂಡಳಿಯವರಿರಬಹುದು, ಬೆಸ್ಕಾಂನವರಿರಬಹುದು, ರಸ್ತೆ ಪಾಲಿಕೆಯದು. ತಪ್ಪು ಕಚೇರಿಗೆ ಹೋದ ದೂರು ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಒಂದು ಸಾಲಿನಲ್ಲಿ ಸಾಯುತ್ತದೆ.

ಎರಡನೆಯದು, ಬಾಯಿಮಾತಿಗೆ ಬೆಲೆಯಿಲ್ಲ. ಬೆಂಗಳೂರಿನವರು 1533ಕ್ಕೆ ಕರೆ ಮಾಡಬಹುದು, ರಾಜ್ಯದ ಯಾವ ಮೂಲೆಯವರಾದರೂ 1902ಕ್ಕೆ ಕರೆ ಮಾಡಬಹುದು. ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಮನವಿ ಪತ್ರ ಕೊಟ್ಟರೆ ಟಪಾಲು ವಿಭಾಗದಲ್ಲಿ ಪ್ರತಿಯ ಮೇಲೆ ಸೀಲು ಮತ್ತು ತಾರೀಖು ಹಾಕಿಸಿಕೊಳ್ಳಬೇಕು. ದಿನಾಂಕ ಸಹಿತ ಫೋಟೊ ಇರಲಿ. ಎಂಜಿನಿಯರ್ ವರ್ಗವಾಗಿ ಹೊಸಬರು ಬಂದಾಗ ಮಾತಾಡುವುದು ಈ ಕಾಗದಗಳೇ.

ಮೂರನೆಯದು ಮಾಹಿತಿ ಹಕ್ಕು. 2005ರ ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕೊಟ್ಟು ಕೇಳಿದರೆ 30 ದಿನದೊಳಗೆ ಉತ್ತರ ಬರಬೇಕು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ‘ರಸ್ತೆ ಯಾಕೆ ಹಾಳಾಗಿದೆ?’ ಎಂದು ಕೇಳಿದರೆ ಏನೂ ಸಿಗುವುದಿಲ್ಲ. ‘ಇಂಥ ಅಡ್ಡರಸ್ತೆಯ ಡಾಂಬರು ಕಾಮಗಾರಿಯ ಕಾರ್ಯಾದೇಶ, ಅಳತೆ ಪುಸ್ತಕ ಮತ್ತು ಬಿಲ್ಲಿನ ಪ್ರತಿ ಕೊಡಿ’ ಎಂದರೆ ಗುತ್ತಿಗೆದಾರರ ಹೆಸರು, ಹಾಕಬೇಕಿದ್ದ ದಪ್ಪ, ಪಾವತಿಯಾದ ಮೊತ್ತ ಎಲ್ಲ ಹೊರಗೆ ಬರುತ್ತದೆ. ಮರದ ವಿಷಯದಲ್ಲೂ ಹೀಗೆಯೇ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಐವತ್ತಕ್ಕಿಂತ ಹೆಚ್ಚು ಮರ ಕಡಿಯುವ ಪ್ರಸ್ತಾವವಿದ್ದರೆ ವೃಕ್ಷಾಧಿಕಾರಿ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪ ಕೇಳಬೇಕು. ಆ ಪ್ರಕಟಣೆಗೆ ಬರೆದ ಪತ್ರ ಕಡತ ಸೇರುತ್ತದೆ, ಮುಂದೆ ನ್ಯಾಯಾಲಯದಲ್ಲಿ ಅದಕ್ಕೆ ತೂಕವಿರುತ್ತದೆ.

ಒಬ್ಬರೇ ಹೋಗಬಾರದು ಎಂಬುದು ನಾಲ್ಕನೆಯದು. ಐದು ಮಂದಿ ಇದ್ದರೆ ಒಬ್ಬರು ಕಾಗದ ನೋಡಿಕೊಳ್ಳುತ್ತಾರೆ, ಒಬ್ಬರು ಜನರನ್ನು ಸೇರಿಸುತ್ತಾರೆ, ಒಬ್ಬರು ಲೆಕ್ಕ ಬರೆಯುತ್ತಾರೆ, ಉಳಿದವರು ಸಭೆಗೆ ಹೋಗುತ್ತಾರೆ. ಒಬ್ಬರ ಮಗನ ಪರೀಕ್ಷೆ ಬಂದರೂ ಕೆಲಸ ನಿಲ್ಲುವುದಿಲ್ಲ. ಮಾಹಿತಿ ಹಕ್ಕು ಕಾರ್ಯಕರ್ತರ ಮೇಲೆ ಈ ದೇಶದಲ್ಲಿ ಹಲ್ಲೆ, ಕೊಲೆಗಳೂ ನಡೆದಿವೆ. ಜಮೀನು, ಮರಳು, ಗುತ್ತಿಗೆಯ ವ್ಯವಹಾರ ಕೆದಕುವಾಗ ಅರ್ಜಿಯನ್ನು ಹಲವರು ಸೇರಿ ಹಾಕುವುದು ಜಾಣತನ.

ಕುರ್ಚಿ ಸಿಗದವರು

ನಾಗರಿಕ ಸಂಘಟನೆಗಳ ಮೇಲೆ ಒಂದು ದೂರು ಹಳೆಯದು: ಅವು ಇಂಗ್ಲಿಷ್ ಬಲ್ಲ, ಮನೆ ಮಾಲೀಕರಾದ ಮಧ್ಯಮ ವರ್ಗದವರ ಕೂಟಗಳು. ದೂರಿನಲ್ಲಿ ಹುರುಳಿದೆ. ನಿವಾಸಿಗಳ ಸಂಘದಲ್ಲಿ ಬಾಡಿಗೆದಾರರಿಗೆ ಮತವಿಲ್ಲದ ಬಡಾವಣೆಗಳಿವೆ. ಪಾದಚಾರಿ ಮಾರ್ಗ ತೆರವು ಮಾಡಿ ಎಂದು ಸಂಘ ಬರೆದ ಪತ್ರವೇ ಹೂವಿನ ಅಜ್ಜಿಯ ಬುಟ್ಟಿಯನ್ನು ಲಾರಿಗೆ ಏರಿಸುತ್ತದೆ. ಆ ಅಜ್ಜಿಗೂ ಕಾನೂನಿನ ರಕ್ಷಣೆಯಿದೆ: 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಸಭೆ ಕನ್ನಡದಲ್ಲಿ ನಡೆದರೆ, ಕೂಲಿ ಮುಗಿಸಿ ಬರುವವರಿಗೆ ಹೊಂದುವ ಹೊತ್ತಿನಲ್ಲಿ ಇಟ್ಟರೆ, ಬರುವವರ ಮುಖಗಳು ಬದಲಾಗುತ್ತವೆ. ಮಾವಳ್ಳಿಪುರದ ರೈತರು, ಚಿಂದಿ ಆಯುವವರು, ಅಪಾರ್ಟ್‌ಮೆಂಟಿನ ಗೃಹಿಣಿಯರು ಬೇರೆ ಬೇರೆ ಕಡೆಯಿಂದ ತಳ್ಳಿದ್ದರಿಂದಲೇ ಕಸದ ವಿಷಯ ಅಷ್ಟಾದರೂ ಮುಂದೆ ಸರಿಯಿತು.

ಹಳ್ಳಿಗಳಲ್ಲಿ ಜನ ಪಾಲ್ಗೊಳ್ಳುವ ಬಾಗಿಲು ನಗರಗಳಿಗಿಂತ ಅಗಲವಾಗಿದೆ. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯಡಿ ವಾರ್ಡ್ ಸಭೆ, ಗ್ರಾಮ ಸಭೆಗಳು ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಮನೆ ಯಾರಿಗೆ, ಉದ್ಯೋಗ ಖಾತರಿಯಲ್ಲಿ ಯಾವ ಕಾಮಗಾರಿ, ಕುಡಿಯುವ ನೀರಿನ ಹಣ ಎಲ್ಲಿ ಹೋಯಿತು ಎಂದು ಮತದಾರರೆಲ್ಲರೂ ನೇರವಾಗಿ ಕೇಳಬಹುದು. ಕಾಗದದಲ್ಲಿ ಸಭೆ ಮುಗಿಸಿ ಮನೆಮನೆಗೆ ಹೋಗಿ ಸಹಿ ಮಾಡಿಸಿಕೊಳ್ಳುವ ಪಂಚಾಯಿತಿಗಳೂ ಇವೆ. ಅಂಥಲ್ಲಿ ಸಹಿ ಹಾಕದಿರುವುದೇ ಮೊದಲ ಹೆಜ್ಜೆ.

ಕುಂದಾಪುರ ತಾಲ್ಲೂಕಿನಲ್ಲಿ ಮಕ್ಕಳ ಪಂಚಾಯಿತಿಗಳ ಪ್ರಯೋಗ ನಡೆದದ್ದು 1990ರ ದಶಕದಲ್ಲಿ. ಆ ಅನುಭವದ ಬಲದ ಮೇಲೆ 2006ರ ಸುಮಾರಿಗೆ ರಾಜ್ಯ ಸರ್ಕಾರ ಎಲ್ಲ ಗ್ರಾಮ ಪಂಚಾಯಿತಿಗಳಲ್ಲೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ನಡೆಸಲು ಹೇಳಿತು. ಮಕ್ಕಳ ದಿನಾಚರಣೆಯ ಆಸುಪಾಸಿನಲ್ಲಿ ನಡೆಯುವ ಈ ಸಭೆಗಳಲ್ಲಿ ಶಾಲೆಯ ಶೌಚಾಲಯಕ್ಕೆ ನೀರಿಲ್ಲ, ಹಳ್ಳ ದಾಟಲು ಕಾಲುಸಂಕ ಬೇಕು, ಶಾಲೆಯ ಹತ್ತಿರದ ಮದ್ಯದಂಗಡಿ ಎತ್ತಿಸಿ, ಬೆಳಗಿನ ಬಸ್ಸು ನಿಲ್ಲಿಸುತ್ತಿಲ್ಲ ಎಂಬಂಥ ಬೇಡಿಕೆಗಳು ಬರುತ್ತವೆ. ಅಧ್ಯಕ್ಷರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಶಿಕ್ಷಣ ಮತ್ತು ಆರೋಗ್ಯ ಇಲಾಖೆಯವರು ಎದುರಿಗೆ ಕೂರುತ್ತಾರೆ. ಚೆನ್ನಾಗಿ ನಡೆಯುವ ಪಂಚಾಯಿತಿಗಳಲ್ಲಿ ಸಭೆ ಶುರುವಾಗುವುದೇ ಹಿಂದಿನ ವರ್ಷ ಮಕ್ಕಳು ಕೇಳಿದ್ದರಲ್ಲಿ ಯಾವುದು ಆಯಿತು, ಯಾವುದು ಆಗಲಿಲ್ಲ, ಯಾಕೆ ಆಗಲಿಲ್ಲ ಎಂಬ ವರದಿಯಿಂದ. ದೊಡ್ಡವರ ಎಷ್ಟೋ ಸಭೆಗಳ ಕಾರ್ಯಸೂಚಿಯಲ್ಲಿ ಆ ಅಂಶ ಇನ್ನೂ ಸೇರಿಲ್ಲ.